ಅಂಬಿಗನ ಅರ್ಧ ತಲೆ

ನಡುಹೊಳೆಯಲ್ಲಿ ಅಂಬಿಗನ ಅರ್ಧ ತಲೆ ಮಾಯವಾಗಿ ಮೂವತ್ತು ವರ್ಷಗಳು ಸಂದಿದ್ದವು. ಅದನ್ನು ನುಂಗಿದವರು ಯಾರು ಎಂಬ ಒಂದೇ ಪ್ರಶ್ನೆಯನ್ನು ನಡುವೆ ಇರಿಸಿಕೊಂಡು ಅಕ್ಕನೂ ತಮ್ಮನೂ ಅಷ್ಟೂ ಕಾಲ ಎಣ್ಣೆ ಸೀಗೆಕಾಯಿಯಂತೆ ಬಾಳಿದ್ದರು. ತಂದೆಯ ಕಡೆಗಾಲದ ಹಾಸಿಗೆಯ ಎರಡು ಬದಿಗಳಲ್ಲಿ ಎದುರುಬದುರಾಗಿ ನಿಂತಾಗಲೂ ಅವರ ನಡುವೆ ಹೊರಟ ಮಾತುಗಳು ಎರಡೇ: ಔಷಧಿಯ ಚೀಟಿ ಎಲ್ಲಿದೆ ಎಂದು ಅವಳು ಕೇಳಿದ್ದಳು, ದಿಂಬಿನ ಕೆಳಗೆ ಎಂದು ಅವನು ಹೇಳಿದ್ದನು.

ಆ ಅಂಬಿಗನು ರಕ್ತಮಾಂಸದವನಲ್ಲ. ಅಂಗೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೊ ಗೇಮಿನ ಪಾಚಿಬಣ್ಣದ ಪರದೆಯೊಳಗೆ ಚುಕ್ಕಿಗಳಿಂದ ಮೈತಳೆದವನು. ಅಕ್ಕನಿಗೆ ಆಗ ಇಪ್ಪತ್ತೈದು, ತಮ್ಮನಿಗೆ ಇಪ್ಪತ್ತೆರಡು. ಮನೆಯ ಹಿಂಬದಿಯ ಕೋಣೆಯಲ್ಲಿ ಅವಳು ಚೌಕುಳಿ ಹಾಳೆಯ ಮೇಲೆ ಚಿತ್ರಗಳನ್ನು ಬರೆದಳು, ಅವನು ಪ್ರೋಗ್ರಾಂ ಬರೆದನು. ಏಳು ಹಂತಗಳ ಆಟ, ಹಂತಕ್ಕೊಂದು ಹೊಳೆ, ಏಳನ್ನೂ ದಾಟಿಸುವವನು ಅದೇ ಅಂಬಿಗ. ಆರನೆಯ ಹೊಳೆಯ ನಡುವೆ ಗಾಳಿಯೆದ್ದು ಹಾಯಿ ಉಬ್ಬಿದ ಕ್ಷಣದಲ್ಲಿ ಅವನ ಬಲಗಣ್ಣು, ಬಲಗೆನ್ನೆ, ಬಲಗಿವಿಗಳು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದಂತೆ ಅಳಿಸಿಹೋಗುತ್ತಿದ್ದವು. ಆಟದ ಕ್ಯಾಸೆಟ್ಟುಗಳು ಅಂಗಡಿಗೆ ಹೋದ ತಿಂಗಳೊಪ್ಪತ್ತಿನಲ್ಲೇ ಆಡಿದವರು ನಗತೊಡಗಿದರು. ಆಟಗಳ ಪತ್ರಿಕೆಯೊಂದು ಇದಕ್ಕೆ ‘ಅರ್ಧತಲೆಯ ಆಟ’ ಎಂದು ಹೆಸರಿಟ್ಟಿತು. ಪ್ರಕಾಶಕರು ಕ್ಯಾಸೆಟ್ಟುಗಳನ್ನೆಲ್ಲ ಹಿಂದಕ್ಕೆ ತರಿಸಿಕೊಂಡು, ಕಾರಣವೇನೆಂದು ಕೇಳಿದರು. ತಮ್ಮನು ಕಾರಣವನ್ನು ಬರೆದುಕೊಟ್ಟನು: ಚಿತ್ರ ಬರೆದವಳ ತಪ್ಪು.

ಈ ಆರೋಪ ಹೇಗೆ ನಿಂತಿತು ಎಂಬುದು ತಿಳಿಯಬೇಕಾದರೆ ಆ ಯಂತ್ರದ ಬಡತನವನ್ನು ತಿಳಿಯಬೇಕು. ಅದಕ್ಕಿದ್ದ ಬಣ್ಣಗಳು ನಾಲ್ಕು. ನಾಲ್ಕೂ ಒಂದೇ ಪಾಚಿಯ ಛಾಯೆಗಳು. ಪರದೆಯ ಮೇಲೆ ಚಲಿಸುವ ಯಾವ ರೂಪವನ್ನಾದರೂ ಎಂಟು ಚುಕ್ಕಿಗಳ ಅಗಲದ ತುಣುಕುಗಳನ್ನು ಜೋಡಿಸಿಯೇ ಕಟ್ಟಬೇಕು. ಅಂತಹ ತುಣುಕನ್ನು ಅಕ್ಕ ತಮ್ಮಂದಿರು ಬಿಲ್ಲೆ ಎಂದು ಕರೆಯುತ್ತಿದ್ದರು. ಒಂದು ಅಡ್ಡಸಾಲಿನಲ್ಲಿ ಹತ್ತು ಬಿಲ್ಲೆಗಳನ್ನು ಮಾತ್ರ ಯಂತ್ರವು ಬರೆಯಬಲ್ಲದು. ಹನ್ನೊಂದನೆಯದು ಬಂದರೆ ದೂರುವುದಿಲ್ಲ, ನಿಲ್ಲುವುದೂ ಇಲ್ಲ. ಸುಮ್ಮನೆ ಅದನ್ನು ಕೈಬಿಟ್ಟು ಮುಂದಕ್ಕೆ ಹೋಗುತ್ತದೆ. ಏನನ್ನೂ ಬರೆಯದೆ ಬಿಟ್ಟ ಖಾಲಿ ಬಿಲ್ಲೆಯೂ ಆ ಹತ್ತರಲ್ಲಿ ಒಂದು ಜಾಗವನ್ನು ಹಿಡಿದೇ ಹಿಡಿಯುತ್ತದೆ. ಉಳಿದ ಹೊಳೆಗಳಲ್ಲಿ ಹಾಯಿಯ ಅಗಲ ಆರು ಬಿಲ್ಲೆ. ಆರನೆಯ ಹೊಳೆಯಲ್ಲಿ ಅದು ಉಬ್ಬಿ ಎಂಟಾಗುತ್ತದೆ. ಅದೇ ಸಾಲಿನಲ್ಲಿ ಅಂಬಿಗನ ತಲೆಗೆ ಎರಡು. ಒಟ್ಟು ಹತ್ತು, ಸರಿಯಾಗಿ ಹತ್ತು. ಹಾಗೆಂದು ಅಕ್ಕನು ಅಂದೂ ಹೇಳಿದ್ದಳು, ಇಂದೂ ಹೇಳುತ್ತಿದ್ದಳು. ಉಬ್ಬಿದ ಹಾಯಿಯ ಮಗ್ಗುಲಲ್ಲಿ ಅವಳು ಅಜಾಗ್ರತೆಯಿಂದ ಒಂದು ಖಾಲಿ ಬಿಲ್ಲೆಯನ್ನು ಬಿಟ್ಟಿದ್ದಾಳೆ, ಅದರಿಂದ ಸಾಲು ಹನ್ನೊಂದಾಗಿ ತಲೆಯ ಅರ್ಧ ಬಿದ್ದುಹೋಗಿದೆ ಎಂಬುದು ತಮ್ಮನ ವಾದ. ಖಾಲಿಯಾಗಿರುವುದನ್ನು ಇದೆಯೆಂದು ತೋರಿಸುವುದು ಕಷ್ಟ, ಇಲ್ಲವೆಂದು ತೋರಿಸುವುದು ಇನ್ನೂ ಕಷ್ಟ. ಅವಳ ಚೌಕುಳಿ ಹಾಳೆಗಳು ಪ್ರಕಾಶಕರ ಕೈಸೇರಿ ಮರಳಿ ಬರಲೇ ಇಲ್ಲ. ಗೂಬೆ ಅವಳ ತಲೆಯ ಮೇಲೆ ಕುಳಿತೇ ಉಳಿಯಿತು.

ಅನಂತರ ಯಾವ ಆಟದವರೂ ಅವಳನ್ನು ಕರೆಯಲಿಲ್ಲ. ಅವಳು ನೇಯ್ಗೆಯ ಕಾರ್ಖಾನೆಯೊಂದನ್ನು ಸೇರಿ, ಬಟ್ಟೆಯಲ್ಲಿ ಮೂಡಬೇಕಾದ ಹೂಬಳ್ಳಿಗಳನ್ನು ಎಳೆಎಳೆಯಾಗಿ ಹಾಳೆಯ ಮೇಲೆ ಎಣಿಸಿ ಕೊಡುವ ಕೆಲಸಕ್ಕೆ ಕುಳಿತಳು. ಹಾಳೆಯಲ್ಲಿ ಒಂದು ಚೌಕ ತಪ್ಪಿದರೆ ನೂರು ಗಜ ಬಟ್ಟೆ ಕೆಡುವ ಕೆಲಸ. ಇಪ್ಪತ್ತೆಂಟು ವರ್ಷಗಳಲ್ಲಿ ಅವಳ ಕೈಯಿಂದ ಒಂದು ಗಜವೂ ಕೆಟ್ಟಿರಲಿಲ್ಲ. ಎಣಿಸುವಾಗಲೆಲ್ಲ ಹತ್ತರ ಬಳಿ ಬಂದೊಡನೆ ಅವಳ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು. ಅದನ್ನು ಕಂಡವರು ಅಭ್ಯಾಸವೆಂದು ತಿಳಿದಿದ್ದರು.

ಹೀಗಿರುವಾಗ ಕಂಪನಿಯೊಂದು ಹಳೆಯ ಅಂಗೈ ಆಟಗಳನ್ನು ಕಲೆಹಾಕಿ, ಎಮ್ಯುಲೇಟರಿನೊಡನೆ ಮತ್ತೆ ಹೊರತರಲು ಹೊರಟಿತು. ಎಮ್ಯುಲೇಟರ್ ಎಂದರೆ ಹೊಸ ಯಂತ್ರದೊಳಗೆ ಕುಳಿತು ಹಳೆಯ ಯಂತ್ರದಂತೆ ನಟಿಸುವ ಪ್ರೋಗ್ರಾಂ. ಅರ್ಧತಲೆಯ ಆಟಕ್ಕೂ ಆ ಸಂಗ್ರಹದಲ್ಲಿ ಜಾಗ ಸಿಕ್ಕಿತ್ತು. ಪ್ರೋಗ್ರಾಂ ಅವನದು, ಚಿತ್ರ ಅವಳದು. ಆದುದರಿಂದ ಇಬ್ಬರ ಸಹಿಯೂ ಬೇಕು. ಸಹಿಯ ಕಾಗದದೊಂದಿಗೆ, ಆಟದ ಜೊತೆಗೆ ಅಚ್ಚಾಗುವ ಕಿರುಹೊತ್ತಿಗೆಯ ಕರಡನ್ನೂ ಅವರು ಕಳುಹಿಸಿದ್ದರು. ತಮ್ಮನು ಬರೆದ ಎರಡು ಪುಟಗಳ ನೆನಪಿನ ಕೊನೆಯಲ್ಲಿ ಆ ವಾಕ್ಯವಿತ್ತು: ‘ಚಿತ್ರಗಾರ್ತಿಯು ಹಾಯಿಯ ಪಕ್ಕದಲ್ಲಿ ಒಂದು ಖಾಲಿ ಬಿಲ್ಲೆಯನ್ನು ಮರೆತದ್ದರಿಂದ ಉಂಟಾಗಿದ್ದ ಪ್ರಸಿದ್ಧ ದೋಷವು ಈ ಹೊಸ ಆವೃತ್ತಿಯಲ್ಲಿ ನಿವಾರಣೆಯಾಗಿದೆ.’

ಇದುವರೆಗೆ ಬಾಯಿಂದ ಬಾಯಿಗೆ ಹೋಗುತ್ತಿದ್ದುದು ಇನ್ನು ಅಚ್ಚಿನಲ್ಲಿ ಉಳಿಯುತ್ತದೆ. ಅಕ್ಕನು ಕಾರ್ಖಾನೆಗೆ ಅರ್ಧ ದಿನದ ರಜೆ ಬರೆದು, ಸಹಿಯಿಲ್ಲದ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡು ಆ ಕಂಪನಿಯ ಕಚೇರಿಗೆ ಹೊರಟಳು. ಕರಡು ಆ ದಿನ ಮಧ್ಯಾಹ್ನವೇ ಅಚ್ಚಿಗೆ ಹೋಗುವುದಿತ್ತು.

ಕಚೇರಿ ನಾಲ್ಕನೆಯ ಮಹಡಿಯಲ್ಲಿತ್ತು. ಗಾಜಿನ ಬಾಗಿಲಿನ ಆಚೆಗಿನ ಕೋಣೆಯಲ್ಲಿ ಬೆನ್ನು ಬಿಚ್ಚಿದ ಹಳೆಯ ಯಂತ್ರಗಳು ಉದ್ದನೆಯ ಮೇಜಿನ ಮೇಲೆ ಬೋರಲಾಗಿ ಮಲಗಿದ್ದವು. ಒಂದೊಂದರ ಹೊಟ್ಟೆಯಿಂದಲೂ ಸಣ್ಣ ತಂತಿಗಳು ಹೊರಟು ಅಳೆಯುವ ಪೆಟ್ಟಿಗೆಯನ್ನು ಸೇರಿದ್ದವು. ಆ ತಂತಿಗಳ ನಡುವೆ ಕುಳಿತಿದ್ದವನು ಎಮ್ಯುಲೇಟರನ್ನು ಬರೆದವನು. ನಲವತ್ತರ ಆಸುಪಾಸಿನ ಒಣಕಲು ಮನುಷ್ಯ. ಯಾವ ಕಡೆಗೂ ಕೂದಲೆಳೆಯಷ್ಟೂ ಬಾಗದವನೆಂದು ಕಚೇರಿಯವರು ಅವನಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು, ಅವನ ಎದುರಿಗೇ ಹಾಗೆ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದನು.

“ಕಾಗದ ಪೋಸ್ಟಲ್ಲೇ ಕಳಿಸಬಹುದಿತ್ತಲ್ಲ ಮೇಡಂ,” ಎಂದನು ತಕ್ಕಡಿ, ತಲೆಯೆತ್ತದೆ.

“ಸಹಿ ಹಾಕಿದ್ರೆ ಕಳಿಸ್ತಿದ್ದೆ. ಹಾಕಿಲ್ಲ. ಹದಿನಾಲ್ಕನೇ ಪುಟದಲ್ಲಿ ಒಂದು ಸುಳ್ಳಿದೆ. ಅದು ಹೋಗೋವರೆಗೂ ಹಾಕಲ್ಲ.”

“ಬುಕ್ಲೆಟ್ ನನ್ನ ಕೆಲಸ ಅಲ್ಲ.”

“ಯಂತ್ರ ನಿಮ್ಮ ಕೆಲಸ ತಾನೇ? ಸುಳ್ಳು ಅದರೊಳಗೇ ಇದೆ.”

ತಕ್ಕಡಿಯು ಮೊದಲ ಬಾರಿಗೆ ಅವಳ ಮುಖವನ್ನು ನೋಡಿದನು. ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ತಮ್ಮನು ಒಳಗೆ ಬಂದನು. ಅಂಗಡಿಗಳ ಬಿಲ್ಲಿನ ಯಂತ್ರಗಳಿಗೆ ಪ್ರೋಗ್ರಾಂ ಬರೆದು ಬದುಕುತ್ತಿದ್ದ ಅವನನ್ನು ಅಕ್ಕನ ಸಹಿ ಇನ್ನೂ ಬಂದಿಲ್ಲವೆಂದು ಕಂಪನಿಯವರೇ ಫೋನ್ ಮಾಡಿ ಕರೆಸಿದ್ದರು. ಹೊಟ್ಟೆ ಬಂದಿತ್ತು. ತಲೆಯ ಮುಂದಿನ ಅರ್ಧವು ಪೂರ್ತಿ ಬೋಳಾಗಿತ್ತು. ಅಕ್ಕನು ಅದನ್ನು ನೋಡಿದಳು, ನೋಡಿದ್ದನ್ನು ಅವನಿಗೆ ತಿಳಿಸುವ ಹಾಗೆ ಇನ್ನಷ್ಟು ಹೊತ್ತು ನೋಡಿದಳು.

“ನಿಂದೂ ಅರ್ಧ ಹೋಗಿದೆಯಲ್ಲೋ. ಅದಕ್ಕೂ ನಾನೇ ಕಾರಣನಾ?”

ತಮ್ಮನು ಅವಳ ಕಡೆಗೆ ತಿರುಗದೆ ತಕ್ಕಡಿಗೆ ಹೇಳಿದನು: “ಸಾರ್, ನಿಮ್ಮ ಎದುರಿಗೆ ನಿಂತಿರೋರಿಗೆ ಸ್ವಲ್ಪ ಹೇಳಿ. ಮೂವತ್ತು ವರ್ಷದ ಹಳೇ ರಾಮಾಯಣ ಇಲ್ಲಿ ಬಿಚ್ಚೋದು ಬೇಡ ಅಂತ.”

“ನಿಮ್ಮ ಪಕ್ಕದಲ್ಲಿ ನಿಂತಿರೋರಿಗೆ ನೀವೂ ಹೇಳಿ. ಬಿಚ್ಚಿದ್ದು ನಾನಲ್ಲ. ಅಚ್ಚು ಹಾಕಿಸ್ತಿರೋದು ಅವರು.”

“ನಾನೇನು ಪೋಸ್ಟ್‌ಮ್ಯಾನಾ?” ಎಂದನು ತಕ್ಕಡಿ. “ನೇರವಾಗಿ ಬೈದುಕೊಳ್ಳಿ. ಕೂತ್ಕೊಂಡು ಬೈದುಕೊಳ್ಳಿ, ತಂತಿ ತುಳೀತಿದ್ದೀರಿ.”

ಇಬ್ಬರೂ ಕುಳಿತರು. ನಡುವೆ ಒಂದು ಕುರ್ಚಿ ಖಾಲಿಯಿತ್ತು. ಇಬ್ಬರೂ ತಮ್ಮ ತಮ್ಮ ಚೀಲಗಳನ್ನು ಅದರ ಮೇಲಿರಿಸಲು ಒಟ್ಟಿಗೆ ಕೈಚಾಚಿ, ಒಟ್ಟಿಗೆ ಹಿಂದೆಗೆದುಕೊಂಡರು.

ತಕ್ಕಡಿಯು ಆಟವನ್ನು ತೆರೆದನು. ಅವನ ಎಮ್ಯುಲೇಟರಿಗೆ ಎರಡು ಬಗೆಗಳಿದ್ದವು. ‘ಸುಧಾರಿತ’ ಎಂಬುದು ಕಂಪನಿಯವರ ಒತ್ತಾಯಕ್ಕೆ ಮಾಡಿದ್ದು. ಅದರಲ್ಲಿ ಸಾಲಿಗೆ ಹತ್ತೆಂಬ ಕಟ್ಟಿಲ್ಲ, ಎಷ್ಟು ಬಿಲ್ಲೆ ಬಂದರೂ ಬರೆದುಬಿಡುತ್ತದೆ. ‘ಹಳೆಯದು’ ಎಂಬುದು ಅವನ ಆರು ವರ್ಷಗಳ ತಪಸ್ಸು. ಹಳೆಯ ಯಂತ್ರ ಎಲ್ಲಿ ಎಡವುತ್ತಿತ್ತೋ ಅಲ್ಲಿಯೇ ಎಡವಬೇಕು, ಎಷ್ಟು ಎಡವುತ್ತಿತ್ತೋ ಅಷ್ಟೇ ಎಡವಬೇಕು ಎಂದು ಒಂದೊಂದು ತಂತಿಯನ್ನೂ ಅಳೆದು ಬರೆದದ್ದು. ಮಾರುವಾಗ ಮೊದಲಿಗೆ ತೆರೆದುಕೊಳ್ಳುವುದು ಮಾತ್ರ ಸುಧಾರಿತವೇ ಆಗಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು.

ಸುಧಾರಿತ ಬಗೆಯಲ್ಲಿ ಆರನೆಯ ಹೊಳೆ ಬಂದಿತು. ಗಾಳಿ ಎದ್ದಿತು. ಹಾಯಿ ಉಬ್ಬಿತು. ಅಂಬಿಗನ ತಲೆ ಇಡಿಯಾಗಿ, ಎರಡೂ ಕಣ್ಣು ಬಿಟ್ಟುಕೊಂಡು, ಹೊಳೆಯನ್ನು ದಾಟಿತು.

“ಮುಗೀತಲ್ಲ,” ಎಂದನು ತಮ್ಮ. “ಹಳೇ ತಪ್ಪು ಸರಿಹೋಗಿದೆ. ಸಹಿ ಹಾಕಿಸ್ಕೊಳ್ಳಿ, ನಂಗೆ ಕೆಲಸ ಇದೆ.”

“ಹಳೇದರಲ್ಲಿ ಹಾಕಿ,” ಎಂದಳು ಅಕ್ಕ.

“ಯಾಕೆ? ಇನ್ನೊಂದ್ಸಲ ನೋಡಿ ಅಳ್ಬೇಕಾ?”

“ಅತ್ತಾಯ್ತು. ಈಗ ಎಣಿಸ್ಬೇಕು.”

ತಕ್ಕಡಿಗೆ ಎಣಿಸುವುದೆಂದರೆ ಪ್ರಾಣ. ಅವನು ಬಗೆಯನ್ನು ಬದಲಿಸಿದನು. ಮತ್ತೆ ಅದೇ ಹೊಳೆ, ಅದೇ ಗಾಳಿ. ಹಾಯಿ ಉಬ್ಬಿದೊಡನೆ ಅಂಬಿಗನ ಬಲಗಣ್ಣು ಆರಿಹೋಯಿತು. ಮೂವತ್ತು ವರ್ಷಗಳ ಅನಂತರ ಅದನ್ನು ಕಂಡ ಅಕ್ಕನಿಗೆ ತನ್ನ ಕೂಸಿನ ಮುಖಕ್ಕೆ ಯಾರೋ ಮಸಿ ಬಳಿದಂತಾಯಿತು. ಅವಳು ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ತಕ್ಕಡಿಯು ಒಂದು ಗುಂಡಿಯನ್ನು ಒತ್ತಿ ಆಟವನ್ನು ಆ ಸಾಲಿನಲ್ಲಿಯೇ ತಡೆದು ನಿಲ್ಲಿಸಿದನು, ಇನ್ನೊಂದನ್ನು ಒತ್ತಿದನು, ಆ ಸಾಲಿನಲ್ಲಿ ಬರೆಯಲ್ಪಟ್ಟ ಒಂದೊಂದು ಬಿಲ್ಲೆಯ ಸುತ್ತಲೂ ಕೆಂಪು ಗೆರೆ ಮೂಡಿತು.

“ಇದರ ಅಗತ್ಯ ಏನಿದೆ?” ಎಂದನು ತಮ್ಮ. ಅವನ ದನಿಯಲ್ಲಿದ್ದ ಅವಸರ ಅಕ್ಕನ ಕಿವಿಗೆ ಬಿದ್ದಿತು. “ಮಧ್ಯಾಹ್ನ ಪ್ರಿಂಟಿಗೆ ಹೋಗ್ಬೇಕು ಅದು.”

ತಕ್ಕಡಿಯು ಪೆನ್ಸಿಲಿನ ತುದಿಯಿಂದ ಎಣಿಸಿದನು. “ಹಾಯಿ ಎಂಟು. ಎಂಟಕ್ಕೆ ಎಂಟೂ ತುಂಬಿವೆ. ತಲೆಯ ಎಡ ಅರ್ಧ, ಒಂಬತ್ತು. ಬಲ ಅರ್ಧ ಬಿದ್ದಿದೆ.” ಅವನು ಪೆನ್ಸಿಲನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದನು. “ಬರೆದಿರೋದು ಒಂಬತ್ತೇ. ಆದರೆ ಹತ್ತು ತುಂಬದೆ ಯಂತ್ರ ಬೀಳಿಸಲ್ಲ. ಎಲ್ಲೋ ಒಂದು ಇದೆ. ಕಾಣ್ತಿಲ್ಲ.”

ತಮ್ಮನು ಮೇಜನ್ನು ಅಂಗೈಯಿಂದ ತಟ್ಟಿದನು. ಅಳೆಯುವ ಪೆಟ್ಟಿಗೆಯ ಮುಳ್ಳು ಹಾರಿತು.

“ಕೇಳಿಸ್ತಾ? ಎಲ್ಲೋ ಒಂದು ಇದೆ, ಕಾಣ್ತಿಲ್ಲ. ಖಾಲಿ ಬಿಲ್ಲೆ! ಮೂವತ್ತು ವರ್ಷ ನಾನು ಬಡ್ಕೊಂಡಿದ್ದು ಇನ್ನೇನು? ಅಲ್ಲ ಅಂತ ಹಾದೀಲಿ ಹೋಗೋರಿಗೆಲ್ಲ ಹೇಳ್ಕೊಂಡು ಬಂದೆಯಲ್ಲ. ಈಗ ಯಂತ್ರನೇ ಹೇಳ್ತಿದೆ, ಇದಕ್ಕೂ ನಾನು ಹೇಳ್ಕೊಟ್ಟಿದ್ದೀನಾ?”

ಅಕ್ಕನು ಪರದೆಯ ಮೇಲಿನ ಹಾಯಿಯನ್ನೇ ದಿಟ್ಟಿಸಿದಳು. ಆ ಹಾಳೆಗಳನ್ನು ಅವಳು ಕಣ್ಣುಮುಚ್ಚಿದರೂ ಕಾಣಬಲ್ಲಳು: ಉಬ್ಬಿದ ಹಾಯಿಯ ಬಲ ಅಂಚು, ಅದರಾಚೆ ಹಾಳೆಯ ಬಿಳುಪು. ಆದರೆ ಮೂವತ್ತು ವರ್ಷ ಒಂದೇ ನೆನಪನ್ನು ತಿಕ್ಕಿ ತಿಕ್ಕಿ ಇಟ್ಟವಳಿಗೆ, ಅದು ಕಂಡದ್ದೋ ಬಯಸಿದ್ದೋ ಎಂಬ ಸಂಶಯ ಒಂದೇ ಏಟಿಗೆ ಎದ್ದು ನಿಂತಿತು. ಹೌದಾಗಿದ್ದರೆ? ಅಪ್ಪನ ಎದುರಿಗೆ, ಕಾರ್ಖಾನೆಯ ಗೆಳತಿಯರ ಎದುರಿಗೆ, ದೇವರ ಎದುರಿಗೆ ತಾನು ಆಡುತ್ತ ಬಂದದ್ದೆಲ್ಲ ಸುಳ್ಳಾಗಿದ್ದರೆ? ಇನ್ನು ಮುಂದೆ ಚೌಕುಳಿ ಹಾಳೆಯ ಮುಂದೆ ಕುಳಿತುಕೊಳ್ಳುವುದಾದರೂ ಹೇಗೆ?

“ಸುಮ್ನಿರಿ ಸ್ವಲ್ಪ,” ಎಂದನು ತಕ್ಕಡಿ. “ಖಾಲಿ ಬಿಲ್ಲೆಗೂ ನನ್ನ ಎಮ್ಯುಲೇಟರ್ ಗೆರೆ ಹಾಕುತ್ತೆ. ಹಾಯಿ ಪಕ್ಕದಲ್ಲಿ ಗೆರೆ ಇಲ್ಲ. ಪರದೆ ಮೇಲೆಲ್ಲೂ ಇಲ್ಲ.”

“ಹಾಗಾದ್ರೆ ಎಲ್ಲಿ?” ಎಂದಳು ಅಕ್ಕ.

“ಪರದೆ ಆಚೆ ನೋಡೋಣ.”

ಅವನು ಚಿತ್ರವನ್ನು ಕುಗ್ಗಿಸಿದನು. ಹೊಳೆ, ದೋಣಿ, ಹಾಯಿಗಳೆಲ್ಲ ನಡುವಿನ ಒಂದು ಚೌಕವಾಗಿ ಸಣ್ಣಗಾದವು. ಅದರ ಸುತ್ತಲೂ, ಆಡುವವರ ಕಣ್ಣಿಗೆ ಎಂದೂ ಬೀಳದ ಕಪ್ಪು ಅಂಚು ಕಾಣಿಸಿತು. ಎಡ ಅಂಚಿನ ಆಚೆ, ಅಂಬಿಗನ ತಲೆಯ ಎತ್ತರಕ್ಕೆ ಸರಿಯಾಗಿ, ಒಂದೇ ಒಂದು ಬಿಲ್ಲೆ ಕೆಂಪು ಗೆರೆಯೊಳಗೆ ನಿಂತಿತ್ತು. ಅದು ಖಾಲಿಯಾಗಿರಲಿಲ್ಲ. ಕೋಲಿಗೆ ನೇತುಬಿಟ್ಟ, ಕೆಳಗೆ ದುಂಡಗಾದ, ಮೇಲೆ ತೊಟ್ಟಿನಂತೆ ಚೂಪಾದ ಒಂದು ಲಾಟೀನು.

ತಮ್ಮನು ತನ್ನ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದನು.

“ಇದು ಹಾಯಿ ಅಲ್ಲ, ತಲೆ ಅಲ್ಲ,” ಎಂದನು ತಕ್ಕಡಿ, ಯಾರ ಮುಖವನ್ನೂ ನೋಡದೆ. “ಯಾವುದೋ ದೀಪ. ಪ್ರೋಗ್ರಾಮಿನ ಪಟ್ಟಿಯಲ್ಲಿ ಇದೇ ಮೊದಲನೇದು. ಯಂತ್ರ ಪಟ್ಟಿ ಪ್ರಕಾರ ಎಣಿಸುತ್ತೆ: ದೀಪ ಒಂದು, ಹಾಯಿ ಎಂಟು, ತಲೆಯ ಎಡ ಅರ್ಧ ಒಂದು. ಹತ್ತು ತುಂಬಿತು. ಬಲ ಅರ್ಧ ಬಿತ್ತು. ಬೇಡದ ಬಿಲ್ಲೆಯನ್ನ ಪರದೆಯ ಕೆಳಗೆ ತಳ್ಳಿದ್ರೆ ಅದು ಯಾವ ಸಾಲಿಗೂ ಸೇರಲ್ಲ. ಎಡಕ್ಕೆ ತಳ್ಳಿದ್ರೆ ಕಣ್ಣಿಗಷ್ಟೇ ಕಾಣಲ್ಲ, ಸಾಲಲ್ಲಿ ಇದ್ದೇ ಇರುತ್ತೆ. ನೀವು ಎಡಕ್ಕೆ ತಳ್ಳಿದ್ದೀರಿ ಸಾರ್.”

ಆ ದೀಪವನ್ನು ಅಕ್ಕನು ಗುರುತಿಸಿದ್ದಳು. ಇಡೀ ಆಟದಲ್ಲಿ ಅವಳ ಕೈ ಸೋಕದ ಚಿತ್ರ ಅದೊಂದೇ, ತಮ್ಮನೇ ಬರೆದದ್ದು. ಕ್ಯಾಸೆಟ್ಟು ಪ್ರಕಾಶಕರಿಗೆ ಹೋಗುವ ಹಿಂದಿನ ದಿನ, ದೋಣಿಯ ಮೂತಿಯಲ್ಲಿ ಅದು ನೇತಾಡುತ್ತಿರುವುದನ್ನು ಕಂಡು ಅವಳು ಅಪ್ಪನನ್ನು ಕರೆದು ತೋರಿಸಿ ನಕ್ಕಿದ್ದಳು. ಇದೇನು ದೋಣಿಗೆ ಬದನೆಕಾಯಿ ಕಟ್ಟಿದ್ದಾನೆ ಎಂದಿದ್ದಳು. ಅಪ್ಪನೂ ನಕ್ಕಿದ್ದರು. ಅನಂತರ ತಮ್ಮನ ಕಡೆಗೆ ತಿರುಗಿ, ತೆಗೆದುಹಾಕು ಎಂದಿದ್ದಳು.

“ದೀಪ ತೆಗಿ ಅಂದಿದ್ದು ಯಾರು?” ಎಂದನು ತಮ್ಮ. ಈಗ ಅವನು ಅವಳನ್ನೇ ನೋಡುತ್ತಿದ್ದನು.

“ನಾನು. ತೆಗಿ ಅಂದೆ. ನೀನು ಬಚ್ಚಿಟ್ಟೆ.”

“ಬಚ್ಚಿಡದೆ? ಆಟದಲ್ಲಿ ಕಲ್ಲು ನಿಂದು, ನೀರು ನಿಂದು, ಮೀನು ನಿಂದು. ಮೋಡಕ್ಕೂ ನಿನ್ನ ಅಪ್ಪಣೆ ಬೇಕಿತ್ತು. ನಂದು ಅಂತ ಇದ್ದಿದ್ದು ಅದೊಂದು ಬಿಲ್ಲೆ. ನಾಳೆ ಮನಸ್ಸು ತಿರುಗುತ್ತೇನೋ, ಇರ್ಲಿ ಬಿಡು ಅಂತೀಯೇನೋ ಅಂತ ಪಕ್ಕಕ್ಕೆ ಸರಿಸಿದ್ದೆ. ಅಷ್ಟೆ.”

“ಒಂದು ಮಾತು ಹೇಳೋಕೆ ಬಾಯಿ ಇರ್ಲಿಲ್ವಾ?”

“ಯಾರ ಹತ್ರ ಹೇಳ್ಲಿ? ಅಪ್ಪನ್ನ ಕರೆದು ತೋರಿಸಿ ಹಲ್ಲು ಕಿರಿದವಳ ಹತ್ರನಾ?”

“ಅದಕ್ಕೆ ಮೂವತ್ತು ವರ್ಷ ನನ್ನ ತಲೆ ಮೇಲೆ ಹೊರಿಸಿದ್ಯಾ?”

“ನಂಗೂ ಗೊತ್ತಿರ್ಲಿಲ್ಲ! ಎಡಕ್ಕಿಟ್ಟಿದ್ದು ಎಣಿಕೆಗೆ ಬರುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು? ಖಾಲಿ ಬಿಲ್ಲೆ ಇರ್ಬೇಕು ಅಂತ ನಿಜವಾಗ್ಲೂ ಅನ್ಕೊಂಡಿದ್ದೆ. ಬೇಕಾದ್ರೆ ಆಣೆ ಹಾಕ್ತೀನಿ. ಎಂಟು ವರ್ಷದ ಹಿಂದೆ ಬೇರೆ ಎಮ್ಯುಲೇಟರಲ್ಲಿ ಹಾಕಿ ನೋಡಿದ್ದೆ ಕೂಡ. ಅದರಲ್ಲಿ ತಲೆ ಪೂರ್ತಿ ಬಂತು. ನೋಡಿ, ಬಿಟ್ಟುಬಿಟ್ಟೆ.”

ತಕ್ಕಡಿಯು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದನು. “ಯಾವುದರಲ್ಲಿ?”

ತಮ್ಮನು ಅದರ ಹೆಸರನ್ನು ಹೇಳಿದನು. ಹೇಳಿದ ಮರುಕ್ಷಣವೇ, ಹೇಳಬಾರದಿತ್ತೆಂಬುದು ಅವನ ಮುಖದ ಮೇಲೆ ಕಾಣಿಸಿತು.

“ಅದು ನಂಗೆ ಚೆನ್ನಾಗಿ ಗೊತ್ತು,” ಎಂದನು ತಕ್ಕಡಿ. “ಅದಕ್ಕೂ ಸಾಲಿಗೆ ಹತ್ತೇ. ಪರದೆ ಮೇಲಿರೋದು ಖಾಲಿಯಾಗಿದ್ರೂ ಎಣಿಸುತ್ತೆ. ಪರದೆ ಹೊರಗಿನದು ಮಾತ್ರ ಎಣಿಸಲ್ಲ. ಅದರ ತಪ್ಪು ಅದೊಂದೇ. ಹಾಯಿ ಪಕ್ಕ ಖಾಲಿ ಬಿಲ್ಲೆ ಇದ್ದಿದ್ರೆ ಅಲ್ಲೂ ತಲೆ ಬೀಳ್ತಿತ್ತು. ಬೀಳಲಿಲ್ಲ ಅಂದ್ರೆ ಖಾಲಿ ಬಿಲ್ಲೆ ಇಲ್ಲ. ಇದು ನಿಮಗೆ ಹೊಳೀಲಿಲ್ಲ ಅಂದ್ರೆ ನಾನು ನಂಬಲ್ಲ ಸಾರ್. ಈ ಆಟ ಬರೆದವರು ನೀವು.”

ಅಕ್ಕನು ಕುರ್ಚಿಯನ್ನು ಪೂರ್ತಿಯಾಗಿ ತಮ್ಮನ ಕಡೆಗೆ ತಿರುಗಿಸಿದಳು.

“ಹೊಳೀತಾ?”

ಅವನು ಮೇಜಿನ ಮೇಲಿನ ತಂತಿಯೊಂದನ್ನು ನೇರಮಾಡಿದನು.

“ಹೊಳೀತಾ ಅಂತ ಕೇಳ್ದೆ.”

“ಹೊಳೀತು.”

“ಎಂಟು ವರ್ಷದ ಹಿಂದೆ.”

“ಹೌದು ಅಂದ್ನಲ್ಲ!”

“ಆಗ ಅಪ್ಪ ಇದ್ರು.” ಅವಳ ದನಿ ಏರಲಿಲ್ಲ, ಏರಿದ್ದರೆ ತಮ್ಮನಿಗೆ ಸುಲಭವಾಗುತ್ತಿತ್ತು. “ಅಪ್ಪ ಸಾಯೋವರೆಗೂ ನನ್ನ ಕಂಡಾಗೆಲ್ಲ ಒಂದೇ ಮಾತು. ಎಣಿಸಿ ಕೆಲಸ ಮಾಡಮ್ಮ, ಎಣಿಸಿ. ಒಂದು ಫೋನ್ ಮಾಡೋಕೆ ಆಗ್ಲಿಲ್ಲ ನಿಂಗೆ. ಅದು ಬಿಡು. ಹೋದ ತಿಂಗಳು ಕೂತ್ಕೊಂಡು, ಗೊತ್ತಿದ್ದೂ ಗೊತ್ತಿದ್ದೂ, ಈ ವಾಕ್ಯ ಬರೆದ್ಯಲ್ಲ. ಕೈ ನಡುಗಲಿಲ್ವಾ?”

“ಎಲ್ಲರೂ ಹಾಗೇ ಅಂತಿದ್ರು. ನಾನೂ ಅದನ್ನೇ ಬರೆದೆ.”

“ಎಲ್ಲರಿಗೂ ಹೇಳ್ಕೊಟ್ಟವನು ನೀನು!”

ತಮ್ಮನು ಕನ್ನಡಕವನ್ನು ತೆಗೆದು ಅಂಗಿಯ ಚುಂಗಿನಿಂದ ಒರೆಸಿದನು. ಬಹಳ ಹೊತ್ತು ಒರೆಸಿದನು. ಮತ್ತೆ ಮಾತನಾಡಿದಾಗ ಅವನ ದನಿಯಲ್ಲಿ ವ್ಯವಹಾರವಿತ್ತು.

“ಸರಿ. ವಾಕ್ಯ ತೆಗೆಸ್ತೀನಿ. ನೀನು ಬಂದಿದ್ದು ಅದಕ್ಕೇ ತಾನೇ? ತೆಗೆದಾಯ್ತು ಅನ್ಕೋ. ಆಟ ತೆರೆಯೋದು ಸುಧಾರಿತದಲ್ಲೇ. ತಲೆ ಪೂರ್ತಿ ಕಾಣುತ್ತೆ, ಯಾರೂ ಏನೂ ಕೇಳಲ್ಲ. ನಿನ್ನ ಮೇಲೂ ಮಾತಿಲ್ಲ, ನನ್ನ ಮೇಲೂ ಮಾತಿಲ್ಲ. ಸಹಿ ಹಾಕು, ಎದ್ದು ಹೋಗೋಣ.”

ಬೆಳಿಗ್ಗೆ ಮನೆಯ ಬಾಗಿಲಿಗೆ ಬೀಗ ಹಾಕಿಕೊಂಡು ಹೊರಟಾಗ ಅಕ್ಕನು ಬಯಸಿದ್ದು ಇದನ್ನೇ, ಇದಿಷ್ಟನ್ನೇ. ಈಗ ಅದು ತಟ್ಟೆಯಲ್ಲಿಟ್ಟು ಮುಂದೆ ಬಂದಿತ್ತು. ಅವಳು ಅದನ್ನು ಮನಸ್ಸಿನಲ್ಲೇ ಎಣಿಸಿ ನೋಡಿದಳು. ವಾಕ್ಯ ಹೋಗುತ್ತದೆ, ಮೂವತ್ತು ವರ್ಷ ಜನ ಆಡಿದ ಮಾತು ಹೋಗುವುದಿಲ್ಲ. ತಲೆ ಇಡಿಯಾಗಿ ಕಂಡರೆ ಅವನು ಸರಿಪಡಿಸಿದನೆಂದೇ ಆಗುತ್ತದೆ. ಕೆಡಿಸಿದವಳು ಅವಳೆಂದೇ ಉಳಿಯುತ್ತದೆ.

“ಬಚ್ಚಿಡೋ ಚಾಳಿ ನೀನು ಬಿಡಲ್ಲ ಅಲ್ವಾ?” ಎಂದಳು. “ಆಗ ದೀಪ, ಈಗ ತಪ್ಪು. ಎಡಕ್ಕೆ ತಳ್ಳು, ಕಾಣಲ್ಲ, ಮುಗೀತು. ಇಲ್ಲ. ತೆರೆಯೋದು ಹಳೇದರಲ್ಲೇ ಆಗ್ಬೇಕು. ನಡುಹೊಳೇಲಿ ತಲೆ ಹೋಗ್ಬೇಕು. ಯಾಕೆ ಹೋಯ್ತು ಅಂತ ಹದಿನಾಲ್ಕನೇ ಪುಟದಲ್ಲಿ ಇರ್ಬೇಕು. ಅಷ್ಟಿದ್ರೆ ಸಹಿ. ಇಲ್ಲಾಂದ್ರೆ ಹೊಳೆ, ದೋಣಿ, ಕಲ್ಲು, ಮೋಡ ಎಲ್ಲ ನನ್ನವು. ನಿನ್ನ ಬದನೆಕಾಯಿ ಒಂದನ್ನೇ ಇಟ್ಕೊಂಡು ಆಟ ಮಾರ್ಕೋ.”

“ಮೂವತ್ತು ವರ್ಷಕ್ಕೆ ಆಟ ಮತ್ತೆ ಬರ್ತಿದೆ. ಹಾಳು ಮಾಡ್ತೀಯಾ?”

“ನಿನ್ನ ಹತ್ರ ಕಲಿತಿದ್ದು.”

“ಮೇಲಿನವರು ಒಪ್ಪಲ್ಲ,” ಎಂದನು ತಮ್ಮ, ತಕ್ಕಡಿಯ ಕಡೆಗೆ ನೋಡಿ. ಅವನ ಕೊನೆಯ ಆಸರೆ ಅದು.

ತಕ್ಕಡಿಯು ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡನು. “ಚಿತ್ರದ ಸಹಿ ಇಲ್ಲದೆ ಆಟವೇ ಇಲ್ಲ ಅಂದ್ರೆ ಒಪ್ತಾರೆ. ನಾನು ಆರು ವರ್ಷ ಬರೆದಿದ್ದನ್ನ ಜನ ಮೊದಲು ನೋಡೋದು ಈ ಒಂದು ಆಟದಲ್ಲಾದ್ರೂ ಆಗ್ಲಿ. ವಾಕ್ಯ ಹೇಳಿ, ನಾನೇ ಟೈಪ್ ಮಾಡ್ತೀನಿ. ಹನ್ನೆರಡೂವರೆ ಆಯ್ತು.”

ತಮ್ಮನ ಕಿವಿಗಳು ಕೆಂಪಾದವು. “ಹಾಗಾದ್ರೆ ಪೂರ್ತಿ ಬರೀರಿ. ದೀಪ ನಾನೇ ಎಡಕ್ಕೆ ತಳ್ಳಿದ್ದು, ಬರೀರಿ. ತೆಗಿ ಅಂತ ಅಪ್ಪಣೆ ಮಾಡಿದ್ದು ಯಾರು, ಯಾಕೆ, ಅದನ್ನೂ ಬರೀರಿ. ನಿಜ ಬೇಕು ಅನ್ನೋರಿಗೆ ಅರ್ಧ ಸಾಲದು.”

ಅಪ್ಪನು ನಕ್ಕ ನಗೆ ಅಕ್ಕನಿಗೆ ನೆನಪಿತ್ತು. ಆಗ ತಮ್ಮನು ಎತ್ತ ನೋಡುತ್ತಿದ್ದನೆಂಬುದು ನೆನಪಿರಲಿಲ್ಲ. ಅತ್ತ ಅವಳು ನೋಡಿಯೇ ಇರಲಿಲ್ಲ. ಎಳೆಎಳೆಯನ್ನೂ ಎಣಿಸುವವಳ ಎಣಿಕೆಗೆ ಅದೊಂದು ಬಂದಿರಲಿಲ್ಲ. ಹೌದೆಂದು ಒಪ್ಪಿಕೊಂಡರೆ ಅವನ ಮುಖದಲ್ಲಿ ಮೂಡಬಹುದಾದ ಗೆಲುವನ್ನು ನೆನೆದು ಅವಳು ಹಲ್ಲು ಕಚ್ಚಿಕೊಂಡಳು. ಆದರೂ ಕೂಡಿಸುವಾಗ ಒಂದನ್ನು ಬಿಟ್ಟುಬಿಡುವುದು ಅವಳಿಂದಾಗದ ಕೆಲಸ.

“ಬರೀರಿ,” ಎಂದಳು. “ನಕ್ಕಿದ್ದನ್ನೂ ಬರೀರಿ.”

ತಕ್ಕಡಿಯು ಹದಿನಾಲ್ಕನೆಯ ಪುಟವನ್ನು ತೆರೆದು, ಹಳೆಯ ವಾಕ್ಯವನ್ನು ಅಳಿಸಿ, ತನಗೆ ತೋಚಿದಂತೆ, ಅಳತೆಯ ವರದಿಯಂತೆ ಒಣಗಿದ ಮಾತುಗಳಲ್ಲಿ ಬರೆದನು: ‘ಹಾಯಿ ಎಂಟು ಬಿಲ್ಲೆ, ತಲೆ ಎರಡು ಬಿಲ್ಲೆ, ಚಿತ್ರದಲ್ಲಿ ತಪ್ಪಿಲ್ಲ. ಪ್ರೋಗ್ರಾಂ ಬರೆದವರು ತಾವು ಚಿತ್ರಿಸಿದ ದೀಪವೊಂದನ್ನು, ಚಿತ್ರಗಾರ್ತಿಯು ನಕ್ಕು ತೆಗೆಯಲು ಹೇಳಿದಾಗ, ತೆಗೆಯದೆ ಪರದೆಯ ಎಡಕ್ಕೆ ಸರಿಸಿದ್ದರಿಂದ ಸಾಲು ಹನ್ನೊಂದಾಗಿ ಅಂಬಿಗನ ಅರ್ಧ ತಲೆ ಕಾಣದಾಗುತ್ತದೆ. ದೋಷವನ್ನು ಇದ್ದಂತೆಯೇ ಉಳಿಸಲಾಗಿದೆ.’

ಅಕ್ಕನು ಎದ್ದು ಹೋಗಿ, ಪರದೆಗೆ ಮುಖವೊಡ್ಡಿ, ಪ್ರತಿಯೊಂದು ಪದವನ್ನೂ ಬೆರಳಿಟ್ಟು ಓದಿದಳು. ‘ಚಿತ್ರದಲ್ಲಿ ತಪ್ಪಿಲ್ಲ’ ಎಂಬಲ್ಲಿ ಬೆರಳು ನಿಂತಿತು. ಅದನ್ನು ಓದಲು ಅಪ್ಪನಿಲ್ಲ. ಅವಳು ಹಿಂದಕ್ಕೆ ಬಂದು, ಕೈಚೀಲದಿಂದ ಕಾಗದವನ್ನು ತೆಗೆದು, ಮೇಜಿನ ಮೇಲೆ ಹಾಸಿ ಸಹಿ ಹಾಕಿದಳು. ತಮ್ಮನು ತನ್ನ ಕಾಗದಕ್ಕೆ ತನ್ನ ಪೆನ್ನಿನಿಂದಲೇ ಸಹಿ ಹಾಕಿದನು. ಅವಳು ಮುಟ್ಟಿದ ಪೆನ್ನು ಅವನ ಕೈಗೆ ಹತ್ತಿರದಲ್ಲಿಯೇ ಇತ್ತು.

“ದೀಪ ಚೆನ್ನಾಗೇ ಇತ್ತು,” ಎಂದನು, ಪೆನ್ನಿನ ಮುಚ್ಚಳ ಹಾಕುತ್ತ.

“ಇರ್ಲಿಲ್ಲ.”

“ಆ ಪುಟದಲ್ಲಿ ಅರ್ಧ ಜಾಗ ಖಾಲಿ ಉಳೀತಿದೆ,” ಎಂದನು ತಕ್ಕಡಿ, ಪರದೆಯಿಂದ ಕಣ್ಣು ತೆಗೆಯದೆ. “ದೀಪದ ಚಿತ್ರ ದೊಡ್ಡದಾಗಿ ಹಾಕಬಹುದಾ? ಓದೋರಿಗೆ ಅರ್ಥ ಆಗುತ್ತೆ.”

ತಮ್ಮನು ತಟ್ಟನೆ ತಲೆಯೆತ್ತಿ ಅಕ್ಕನ ಕಡೆಗೆ ನೋಡಿದನು. ಆಟದೊಳಗಿನ ಚಿತ್ರಗಳಿಗೆಲ್ಲ ಒಪ್ಪಿಗೆ ಕೊಡಬೇಕಾದವಳು ಅಕ್ಕ ಎಂದು ಕಾಗದದಲ್ಲಿ ಬರೆದಿತ್ತು.

ಅಕ್ಕನು ಕೈಚೀಲವನ್ನು ಹೆಗಲಿಗೇರಿಸಿದಳು.

“ಹಾಕಿ,” ಎಂದಳು. “ಕೆಳಗೆ ಇವನ ಹೆಸರು ದಪ್ಪಕ್ಷರದಲ್ಲಿ ಹಾಕಿ. ನಾನು ಬರೆದಿದ್ದು ಅಂತ ಯಾರೂ ಅನ್ಕೋಬಾರ್ದು.”